ಕೊಡೆ ಹಿಡಿದ ಸೈನ್ಯ

ಗುಮಾಸ್ತನಿಗೆ ತಾಳ್ಮೆ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಕತ್ತು ಬಗ್ಗುವ ಟೇಬಲ್ ಲ್ಯಾಂಪು, ಭೂತಗನ್ನಡಿ, ಒಂದಕ್ಕಿಂತ ಒಂದು ಸಣ್ಣದಾದ ಬ್ರಷ್ಷುಗಳು, ಊಟದ ಮೇಜಿನ ಅರ್ಧ ಭಾಗ, ಆ ಅರ್ಧವನ್ನು ಬಿಟ್ಟುಕೊಟ್ಟ ಹೆಂಡತಿ. ಪ್ಲಾಸ್ಟಿಕ್ಕಿನ ನಲವತ್ತು ಸೈನಿಕರೂ ಇದ್ದರು. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಈ ಮಂದಿ ಕಾಲಡಿಯ ಪುಟ್ಟ ತಟ್ಟೆಗಳ ಮೇಲೆ, ಕಾರ್ಖಾನೆಯಿಂದ ಬಂದ ಬೂದು ಬಣ್ಣದಲ್ಲೇ ಎರಡು ವರ್ಷದಿಂದ ಡಬ್ಬದೊಳಗೆ ನಿಂತಿದ್ದರು.

ಸೈನಿಕರಿದ್ದದ್ದು ಆಟಕ್ಕೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಒಂದು ಸಂಘ ಸೇರುತ್ತಿತ್ತು. ಮೇಜಿಗೆ ಹಸಿರು ಬಟ್ಟೆ ಹಾಸಿ, ಬಟ್ಟೆಯಡಿ ದಪ್ಪ ಪುಸ್ತಕ ತುರುಕಿ ಗುಡ್ಡ ಮಾಡಿ, ಎರಡು ಬದಿಯಲ್ಲಿ ಪುಟ್ಟ ಸೈನ್ಯ ನಿಲ್ಲಿಸಿ, ದಾಳ ಎಸೆದು, ಟೇಪಿನಲ್ಲಿ ಅಳೆದು ಯುದ್ಧ ಮಾಡುತ್ತಿದ್ದರು. ಎಲ್ಲರೂ ಮಕ್ಕಳೊಂದಿಗರು, ಕೆಲವರಿಗೆ ಬೊಕ್ಕತಲೆ. ಸಂಘಕ್ಕಿದ್ದ ನಿಯಮ ಒಂದೇ: ಬಣ್ಣ ಹಚ್ಚದ ಸೈನಿಕ ಮೇಜು ಹತ್ತುವಂತಿಲ್ಲ. ಹೀಗಾಗಿ ಗುಮಾಸ್ತ ಎರಡು ವರ್ಷ ಬೇರೆಯವರ ಯುದ್ಧಗಳಲ್ಲಿ ಟೇಪು ಹಿಡಿದುಕೊಂಡು ನಿಂತಿದ್ದ.

ನಿಯಮ ಮಾಡಿದವನು ಅವನ ಬಾಮೈದ, ಹಲ್ಲಿನ ಡಾಕ್ಟರು. ಈ ಬಾಮೈದ ತಿಂಗಳಿಗೊಬ್ಬ ಸೈನಿಕನಿಗೆ ಬಣ್ಣ ಹಚ್ಚುತ್ತಿದ್ದ. ಹುಬ್ಬು ಬೇರೆ, ರೆಪ್ಪೆ ಬೇರೆ. ಅವನ ಒಬ್ಬ ಸಿಪಾಯಿಯ ದವಡೆ ಹಲ್ಲು ಹುಳುಕಾಗಿರುವುದು ಭೂತಗನ್ನಡಿಯಲ್ಲಿ ಕಾಣುತ್ತಿತ್ತು.

"ಭಾವ, ಬರೋ ಭಾನುವಾರ ಔಷಧಿ ಅಂಗಡಿಯವರು ಊರಲ್ಲಿರಲ್ಲ," ಎಂದ ಬಾಮೈದ, ಅಕ್ಕನ ಮನೆಗೆ ಬಂದವನು. "ನನ್ನೆದುರು ಜಾಗ ಖಾಲಿ ಇದೆ. ನಿಮ್ಮ ಸೈನ್ಯ ರೆಡಿ ಇದ್ರೆ ಬನ್ನಿ. ಇಲ್ಲಾಂದ್ರೆ ಟೇಪು ಇದ್ದೇ ಇದೆ."

ಗುಮಾಸ್ತನ ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವಳು. ಉತ್ತರ ಗೊತ್ತಿದ್ದ ಲೆಕ್ಕಕ್ಕೆ ನಕ್ಕ ಹಾಗೆ ನಕ್ಕಳು.

"ಭಾನುವಾರ ಸೈನ್ಯ ಬರುತ್ತೆ," ಎಂದ ಗುಮಾಸ್ತ. "ಪೂರ್ತಿ ಸೈನ್ಯ. ಪೂರ್ತಿ ಬಣ್ಣ."

"ನಲವತ್ತಕ್ಕೂ?"

"ನಲವತ್ತಕ್ಕೂ."

ಬಾಮೈದ ಚಹಾ ಲೋಟ ಕೆಳಗಿಟ್ಟು ಭಾವನ ಬಾಯಿಯನ್ನು ವೃತ್ತಿಯ ಕಣ್ಣಿನಿಂದ ನೋಡಿದ. 

ಮಾತು ಹೊರಬಿದ್ದ ಮೇಲೆ ವಿಧಾನ ಹುಡುಕಬೇಕಾಯಿತು. ಫೋನಿನೊಳಗೆ ಒಬ್ಬ ಗಡ್ಡದವನು ಸಿಕ್ಕಿದ. ಅವನ ಪ್ರಕಾರ ಬ್ರಷ್ಷು ಹಿಡಿದು ಒಬ್ಬೊಬ್ಬನನ್ನು ತಿದ್ದುವುದು ದಡ್ಡರ ಕೆಲಸ. ಮೊದಲು ಇಡೀ ಸೈನ್ಯಕ್ಕೆ ಕಪ್ಪು ಪ್ರೈಮರ್, ಅಂದರೆ ತಳಬಣ್ಣ, ಸ್ಪ್ರೇ. ಅದು ಒಣಗಿದ ಮೇಲೆ ಬಿಳಿ ಸ್ಪ್ರೇ, ಆದರೆ ನೆತ್ತಿಯ ಮೇಲಿಂದ ಮಾತ್ರ. ಆಗ ಭುಜ, ಟೋಪಿ, ಮೂಗಿನ ತುದಿ ಬೆಳ್ಳಗಾಗುತ್ತವೆ, ಕಂಕುಳು, ಗಲ್ಲದಡಿ, ಕಣ್ಣಗುಳಿ ಕಪ್ಪಾಗಿಯೇ ಉಳಿಯುತ್ತವೆ, ಮೇಲಿಂದ ಬಿಸಿಲು ಬಿದ್ದ ಹಾಗೆ. ಅದರ ಮೇಲೆ ತೆಳುವಾಗಿ ಒಂದು ಸುತ್ತು ಬಣ್ಣ. ಕೊನೆಗೆ ಮರಕ್ಕೆ ಹಚ್ಚುವ ಕಂದು ವಾರ್ನಿಷ್‌ನಲ್ಲಿ ಆಸಾಮಿಯನ್ನು ಮುಳುಗಿಸಿ, ಎತ್ತಿ, ಜೋರಾಗಿ ಒದರಿಬಿಡುವುದು. ವಾರ್ನಿಷ್ ತಾನಾಗಿ ಸಂದುಗೊಂದುಗಳಿಗೆ ಇಳಿದು ನೆರಳಾಗುತ್ತದೆ. ಒಂದು ಮಾರು ದೂರದಿಂದ ನೋಡಿದರೆ ಒಂದು ತಿಂಗಳ ಕೆಲಸದಂತೆ ಕಾಣುತ್ತದೆ. ಹತ್ತಿರದಿಂದ ಯಾರನ್ನೂ ನೋಡಲು ಬಿಡಬಾರದು.

ಗುಮಾಸ್ತನಿಗೆ ಈ ವಿಧಾನ ತನಗಾಗಿಯೇ ಹುಟ್ಟಿದ್ದು ಅನ್ನಿಸಿತು.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಬಾಲ್ಕನಿಯಲ್ಲಿ ರಟ್ಟು ಹಾಸಿ ಸ್ಪ್ರೇ ಮಾಡಿದ. ಕಪ್ಪು ಬಣ್ಣ ಸೈನಿಕರ ಮೇಲೆ ಬಿದ್ದಷ್ಟೇ ಗಾಳಿಗೂ ಹೋಯಿತು. ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ತಂತಿಗೆ ಹಾಕಿದ್ದ ಬೆಡ್‌ಶೀಟು ಎತ್ತಿ ಹಿಡಿದು ಕೂಗಿದರು.

"ಮೇಲಿಂದ ಏನೋ ಉದುರ್ತಾ ಇದೆಯಲ್ಲಪ್ಪ. ಬಿಳಿ ಬೆಡ್‌ಶೀಟಿಗೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ."

"ಪ್ರೈಮರ್ ಸಾರ್. ಅಂಟೋದಿಲ್ಲ."

ಅವರು ಒದ್ದೆ ಬೆರಳಿನಿಂದ ಉಜ್ಜಿ ನೋಡಿದರು. "ಅಂಟಿದೆ," ಎಂದರು.

"ಹಾಗಾದರೆ ಒಳ್ಳೇ ಪ್ರೈಮರ್ರೇ," ಎಂದ ಗುಮಾಸ್ತ, ತೃಪ್ತಿಯಿಂದ.

ಬಿಳಿ ಸ್ಪ್ರೇಯೂ ಒಂದು ಸುತ್ತು ಬಣ್ಣವೂ ಆದ ಮೇಲೆ ಬಚ್ಚಲಿನ ಕೆಂಪು ಬಕೆಟ್ಟಿನಲ್ಲಿ ವಾರ್ನಿಷ್ ಸುರಿದು, ಇಕ್ಕಳದಲ್ಲಿ ಒಬ್ಬೊಬ್ಬನನ್ನೇ ಹಿಡಿದು ಮುಳುಗಿಸಿದ, ಒದರಿದ. ಸಂಜೆ ಹೆಂಡತಿ ಬಂದಾಗ ಬಚ್ಚಲ ಗೋಡೆಗೆ ಸೊಂಟದವರೆಗೆ ಕಂದು ಚುಕ್ಕಿ ಬಿದ್ದಿತ್ತು, ಕಿಟಕಿಯಲ್ಲಿ ನಲವತ್ತು ಸೈನಿಕರು ಹೊಳೆಯುತ್ತ ನಿಂತಿದ್ದರು.

ಅವಳು ಒಂದು ಮಾರು ದೂರ ನಿಂತು ನೋಡಿದಳು. "ಪರವಾಗಿಲ್ಲ ಕಣ್ರೀ," ಎಂದಳು. ಅವಳ ಬಾಯಲ್ಲಿ ಅದು ನೂರಕ್ಕೆ ತೊಂಬತ್ತು. "ಆದರೆ ಎಲ್ಲರೂ ಯಾಕೆ ಇಷ್ಟು ಸಿಟ್ಟಲ್ಲಿದ್ದಾರೆ?"

"ಸಿಟ್ಟಲ್ಲ, ನೆರಳು. ಬೆಳಕು ಮೇಲಿಂದ ಬೀಳುತ್ತಲ್ಲ, ಅದಕ್ಕೆ ಕಣ್ಣ ಕೆಳಗೆ ಕಪ್ಪು."

"ನನಗೂ ಇದೆ. ಅದು ಮೇಲಿಂದ ಬಿದ್ದಿದ್ದಲ್ಲ," ಎಂದು ಅವಳು ಗೋಡೆ ಒರೆಸಲು ಬಟ್ಟೆ ಹುಡುಕಿದಳು.

ಇಡೀ ದಿನ ಮುಟ್ಟಬೇಡಿ ಎಂದು ವಾರ್ನಿಷ್ ಡಬ್ಬಿಯ ಮೇಲೆ ಬರೆದಿತ್ತು. ಗುಮಾಸ್ತ ಊಟಕ್ಕೆ ಮೊದಲೇ ಒಣಗಿದೆಯೇ ಎಂದು ಸೇನಾಪತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಸೇನಾಪತಿಯ ಮುಖ ಬೆರಳಿಗೆ ಬಂತು. ಮುಖವಿದ್ದ ಜಾಗದಲ್ಲಿ ಗುಮಾಸ್ತನ ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ, ಸ್ಪಷ್ಟವಾಗಿ ಉಳಿಯಿತು. ಸೇನಾಪತಿ ಹಿಂದೆ ನಿಲ್ಲುವವನು, ಮುಖ ಯಾರು ನೋಡುತ್ತಾರೆ ಎಂದು ಗುಮಾಸ್ತ ಸಮಾಧಾನ ಮಾಡಿಕೊಂಡ.

ಅವನು ಇಲ್ಲಿಗೆ ನಿಲ್ಲಿಸಿ ಭಾನುವಾರದವರೆಗೆ ಸುಮ್ಮನಿದ್ದಿದ್ದರೆ ಈ ಕಥೆ ಬರೆಯುವ ಕೆಲಸ ಇರುತ್ತಿರಲಿಲ್ಲ. ಸುಮ್ಮನಿರುವುದಕ್ಕೆ ಬೇಕಾದ ವಸ್ತು ಅವನಲ್ಲಿ ಇರಲಿಲ್ಲವೆಂದು ಮೊದಲೇ ಹೇಳಿದೆ. ಗುರುವಾರ ಸೈನ್ಯವನ್ನು ಬೂಟಿನ ಡಬ್ಬದಲ್ಲಿ ಹಾಕಿಕೊಂಡು ಕಚೇರಿಗೆ ಹೋದ, ತೋರಿಸಲಿಕ್ಕೆ.

ಅದು ನಗರ ಯೋಜನೆಯ ಕಚೇರಿ. ಅಲ್ಲಿ ಆವತ್ತು ಯಾರಿಗೂ ಸೈನ್ಯ ನೋಡುವ ಪುರುಸೊತ್ತು ಇರಲಿಲ್ಲ. ಪೇಟೆ ಬೀದಿಯನ್ನು ಅಗಲ ಮಾಡುವ ಯೋಜನೆಯ ಮಾದರಿಯೊಂದು ಹಜಾರದ ಮಧ್ಯೆ ಬಂದು ಕೂತಿತ್ತು, ರಟ್ಟು ಮತ್ತು ಮರದ ಪುಟ್ಟ ಬೀದಿ. ಶುಕ್ರವಾರ ಬೆಳಿಗ್ಗೆಯಿಂದ ಆ ಬೀದಿಯವರೆಲ್ಲ ಬಂದು ನೋಡಿ ಅಭಿಪ್ರಾಯ ಹೇಳಬೇಕಿತ್ತು. ಅಂಗಡಿ, ಮರ, ದೀಪದ ಕಂಬ ಎಲ್ಲ ಸರಿಯಾಗಿದ್ದವು. ಜನ ಮಾತ್ರ ತಪ್ಪಾಗಿದ್ದರು. ಮಾದರಿ ಮಾಡಿದವನು ಯಾವುದೋ ಬೇರೆ ಅಳತೆಯ ಗೊಂಬೆಗಳನ್ನು ನಿಲ್ಲಿಸಿದ್ದ. ಒಬ್ಬ ಗಿರಾಕಿ ಅಂಗಡಿಯ ಸೂರಿನ ಮೇಲೆ ಮೊಣಕೈ ಊರಿ ನಿಂತಿದ್ದ.

"ಇವರನ್ನೆಲ್ಲ ಕಿತ್ತುಹಾಕಿ," ಎಂದು ಯೋಜನಾಧಿಕಾರಿ ಕಿತ್ತುಹಾಕಿಸಿದ್ದರು. "ಆದರೆ ಜನರಿಲ್ಲದ ಬೀದಿ ತೋರಿಸಬಾರದು ಅಂತ ಆಯುಕ್ತರ ಆಜ್ಞೆ. ನಾಳೆ ಬೆಳಿಗ್ಗೆಯೊಳಗೆ ಜನರನ್ನ ಎಲ್ಲಿಂದ ತರೋದು?"

ಗುಮಾಸ್ತ ಆ ಹೊತ್ತಿಗೆ ಸರಿಯಾಗಿ ಬೂಟಿನ ಡಬ್ಬದ ಮುಚ್ಚಳ ತೆಗೆದ.

ಅಧಿಕಾರಿ ಒಬ್ಬ ಈಟಿಯವನನ್ನು ಎತ್ತಿ ಮಾದರಿಯ ಅಂಗಡಿ ಬಾಗಿಲ ಪಕ್ಕ ಹಿಡಿದರು. ಹೇಳಿ ಮಾಡಿಸಿದ ಅಳತೆ.

"ಯಾರು ಮಾಡಿದ್ದು?"

"ನಾನೇ ಸರ್. ಅರ್ಧ ದಿನದಲ್ಲಿ."

"ಎಲ್ಲಾನೂ?"

ಇಲ್ಲಿ ಗುಮಾಸ್ತ ಹೌದು ಎಂದಷ್ಟೇ ಹೇಳಬಹುದಿತ್ತು. "ವಿಧಾನ ಗೊತ್ತಿದ್ರೆ ಇಡೀ ಊರಿನ ಜನರನ್ನೇ ಅರ್ಧ ದಿನದಲ್ಲಿ ಮಾಡಬಹುದು ಸರ್," ಎಂದ.

"ಊರು ಬೇಡ. ಒಂದು ಬೀದಿ ಸಾಕು. ಇವರನ್ನೇ ನಿಲ್ಲಿಸಿ."

"ಸರ್, ಇವರು ಸೈನಿಕರು. ಭಾನುವಾರ ಇವರಿಗೆ ಯುದ್ಧ ಇದೆ."

"ಶನಿವಾರ ಸಂಜೆ ವಾಪಸ್ ತಗೊಂಡು ಹೋಗಿ. ಯುದ್ಧಕ್ಕೆ ಮೊದಲು ಎರಡು ದಿನ ಪೇಟೆ ಸುತ್ತಲಿ ಬಿಡಿ. ಆ ಕತ್ತಿಗಿತ್ತಿ ಮಾತ್ರ ಕಾಣಬಾರದು. ಕಾಲ ಕೆಳಗಿನ ಆ ತಟ್ಟೆಗಳೂ ಬೇಡ. ಬೀದಿಲಿ ಯಾರು ತಟ್ಟೆ ಮೇಲೆ ನಿಂತು ಓಡಾಡ್ತಾರೆ?"

ಸಂಜೆ ಎಲ್ಲರೂ ಹೋದ ಮೇಲೆ ಗುಮಾಸ್ತ, ಬಾಗಿಲು ಹಾಕಲು ಕಾದಿದ್ದ ಜವಾನ, ಇಬ್ಬರೇ ಉಳಿದರು. ಕತ್ತಿಗಳನ್ನು ಕತ್ತರಿಸಲು ಗುಮಾಸ್ತನ ಮನಸ್ಸು ಒಪ್ಪಲಿಲ್ಲ, ಭಾನುವಾರ ಬೇಕಲ್ಲ. ಎಲ್ಲ ಕತ್ತಿಗಳಿಗೂ ಕಪ್ಪು ಬಣ್ಣ ಹಚ್ಚಿ ಮಡಿಚಿದ ಕೊಡೆ ಮಾಡಿದ. ಈಟಿಗಳ ತುದಿಗೆ ಹತ್ತಿ ಸುತ್ತಿ ಜೇಡರ ಬಲೆ ಹೊಡೆಯುವ ಪೊರಕೆ ಮಾಡಿದ. ನಗಾರಿಯವನು ಪಾತ್ರೆ ಹೊತ್ತವನಾದ. ಕತ್ತಿ ಎತ್ತಿ ಮುನ್ನುಗ್ಗಿ ಎನ್ನುತ್ತಿದ್ದ ಸೇನಾಪತಿ ಕೊಡೆ ಬೀಸಿ ಬಸ್ಸು ನಿಲ್ಲಿಸುವವನಾದ.

ಆಮೇಲೆ ತಟ್ಟೆಗಳನ್ನು ಇಕ್ಕಳದಲ್ಲಿ ಚಿಟಕ್ ಚಿಟಕ್ ಕತ್ತರಿಸಿ, ಪಾದಗಳನ್ನು ಬೀದಿಗೆ ಅಂಟಿಸಿದ. ಗೋಂದು ಒಣಗುವವರೆಗೆ ಕಾಯುವವರು ಯಾರು? ಕ್ಷಣದಲ್ಲಿ ಹಿಡಿಯುವ ಅಂಟು ತಂದಿದ್ದ. ಕ್ಷಣದಲ್ಲಿ ಹಿಡಿಯುತ್ತದೆ ಎಂದು ಟ್ಯೂಬಿನ ಮೇಲೆ ದಪ್ಪ ಅಕ್ಷರದಲ್ಲಿತ್ತು. ಮತ್ತೆ ಬಿಡುವುದಿಲ್ಲ ಎಂಬುದು ಸಣ್ಣ ಅಕ್ಷರದಲ್ಲಿತ್ತು.

ಕೈ ಎರಡು ವರ್ಷದಿಂದ ಇದಕ್ಕೇ ಕಾದಿತ್ತು. ಅವನು ಯೋಚಿಸದೆಯೇ ಅದು ಕೆಲಸ ಮಾಡಿತು. ಕೊಡೆಯವರು ಮುಂದೆ ಎರಡು ಸಾಲು, ಪೊರಕೆಯವರು ಹಿಂದೆ ಒಂದು ಸಾಲು, ಎಡಕ್ಕೊಂದು ಬಲಕ್ಕೊಂದು ಗುಂಪು, ಕೊನೆಯಲ್ಲಿ ಬಸ್ಸು ನಿಲ್ಲಿಸುವವನು. ಎಲ್ಲರ ಮುಖ ಬೀದಿಯ ತುದಿಗೆ.

ಜವಾನ ಬೀಗದ ಕೈ ತಿರುಗಿಸುತ್ತ ನೋಡಿದ. "ಎಲ್ಲಾರೂ ಒಂದೇ ಕಡೆ ಹೊರಟವ್ರೆ ಸಾರ್. ಪೇಟೆಲಿ ಏನಾದ್ರೂ ಪುಕ್ಕಟೆ ಕೊಡ್ತಾವ್ರಾ?"

"ಬಾಗಿಲು ಹಾಕಿ," ಎಂದ ಗುಮಾಸ್ತ.

ಶುಕ್ರವಾರ ಮೊದಲು ಬಂದವನು ಕ್ಷೌರಿಕ. ಅವನು ಮನುಷ್ಯರನ್ನು ನೋಡುವುದು ಮುಖದಿಂದ. ಬೀದಿ ನೋಡಲಿಲ್ಲ, ಅಗಲ ಅಳೆಯಲಿಲ್ಲ, ಬಗ್ಗಿ ಮುಖ ನೋಡಿದ. ಒಂದು ಮಾರು ದೂರದ ನಿಯಮ ಅವನಿಗೆ ಯಾರೂ ಹೇಳಿರಲಿಲ್ಲ.

"ಇವರು ಯಾರು?"

"ನಿಮ್ಮ ಬೀದಿ ಜನ," ಎಂದ ಗುಮಾಸ್ತ.

"ನಾವಾ? ನಮ್ಮ ಮುಖ ಯಾಕೆ ಹೀಗಿದೆ? ಎಲ್ಲಾ ಹಲ್ಲು ಕಚ್ಕೊಂಡು, ಕಣ್ಣು ಒಳಗೆ ಹೋಗಿ, ಹುಬ್ಬು ಗಂಟು ಹಾಕ್ಕೊಂಡು?"

"ಅದು ನೆರಳು. ಬೆಳಕು ಮೇಲಿಂದ ಬೀಳುತ್ತೆ, ಮುಖಕ್ಕೆ ತಲುಪೋದಿಲ್ಲ."

ಹಿಂದೆ ನಿಂತಿದ್ದ ದರ್ಜಿ ತಲೆ ಹಾಕಿದ. "ಕೇಳಿಸ್ಕೊಂಡ್ರಾ? ಮೇಲಿಂದ ಬಂದಿದ್ದು ಕೆಳಗಿನವರಿಗೆ ತಲುಪೋದಿಲ್ಲ ಅಂತ ಇವರೇ ಒಪ್ಕೋತಿದಾರೆ."

ಕ್ಷೌರಿಕ ಎದ್ದು ನಿಂತು ನಿಧಾನವಾಗಿ ಕೈ ಒರೆಸಿಕೊಂಡ. "ನನಗೆ ಒಂದು ವಿಷಯ ಹೇಳಿ. ಯೋಜನೆ ನೋಡಿದ ಮೇಲೆ ನಮಗೆ ಸಿಟ್ಟು ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೇ ಸಿಟ್ಟಿನ ಮುಖ ಮಾಡಿಟ್ಟಿದ್ದೀರಿ. ಹಾಗಾದರೆ ಸಿಟ್ಟು ಬರೋ ಅಂಥದ್ದು ಇದರೊಳಗೆ ಏನಿದೆ?"

"ಏನೂ ಇಲ್ಲ," ಎಂದ ಗುಮಾಸ್ತ.

ಕಚೇರಿಯವರು ಏನೂ ಇಲ್ಲ ಎಂದರೆ ಜನ ಹುಡುಕಲು ಶುರುಮಾಡುತ್ತಾರೆ. ದರ್ಜಿ ಹುಡುಕಿದ, ಬೇಕರಿಯವನು ಹುಡುಕಿದ, ಬಟ್ಟೆ ಒಗೆಯುವ ಅಂಗಡಿಯ ಅಮ್ಮ ಕನ್ನಡಕ ಹಾಕಿಕೊಂಡು ಹುಡುಕಿದಳು. ಸಿಕ್ಕಿಯೂ ಸಿಕ್ಕಿತು.

"ನಲ್ಲಿ ಎಲ್ಲಿ?" ಎಂದಳು ಆಕೆ. "ಮೂಲೆ ಮೇಲಿನ ಬೀದಿ ನಲ್ಲಿ. ಅದರ ಪಕ್ಕದ ಕಲ್ಲುಬೆಂಚು. ಎರಡೂ ಇಲ್ಲ."

ಮಾದರಿ ಮಾಡಿದವನು ಮರೆತಿದ್ದ, ಅಷ್ಟೇ. ಯೋಜನೆಯಲ್ಲಿ ನಲ್ಲಿ ತೆಗೆಯುವ ಮಾತೇ ಇರಲಿಲ್ಲ. ಯೋಜನಾಧಿಕಾರಿ ಬಂದು ಹಾಗೆಂದು ಹೇಳಿದರು, ನಕ್ಷೆ ತೋರಿಸಿದರು, ಪ್ರಮಾಣ ಮಾಡುವುದೊಂದು ಬಾಕಿ.

"ಮರೆತ್ರಾ?" ಎಂದಳು ಬಟ್ಟೆ ಒಗೆಯುವ ಅಂಗಡಿಯ ಅಮ್ಮ. "ಒಂದು ನಲ್ಲಿ ಮಾಡೋಕೆ ಮರೆತವರು ನಲವತ್ತು ಕೊಡೆ ಮಾಡೋಕೆ ಮರೀಲಿಲ್ವಲ್ಲ."

 ಮಧ್ಯಾಹ್ನದ ಹೊತ್ತಿಗೆ ಇಡೀ ಪೇಟೆ ಬೀದಿ ಹಜಾರದಲ್ಲಿತ್ತು. ಆಯುಕ್ತರು ಬಂದದ್ದು ಆಗಲೇ. ಅವರು ದೊಡ್ಡ ಮನುಷ್ಯರು, ಅವಸರವಿಲ್ಲದವರು. ಮಾದರಿಯ ಸುತ್ತ ಒಂದು ಸುತ್ತು ಬಂದರು.

"ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ?"

"ಪೇಟೆಗೆ ಸರ್," ಎಂದರು ಯೋಜನಾಧಿಕಾರಿ.

"ಪೇಟೆ ಅವರ ಬೆನ್ನ ಹಿಂದಿದೆ. ಮುಂದಿರೋದು ನಮ್ಮ ಕಚೇರಿ."

"ತೆರಿಗೆ ಕಟ್ಟೋಕೆ ಬರ್ತಿದಾರೆ ಸರ್."

"ಸಾಲು ಸಾಲಾಗಿ?"

"ಶಿಸ್ತಿನ ಜನ ಸರ್."

"ಮಳೆ ಬರ್ತಿದೆಯಾ?"

"ಇಲ್ಲ ಸರ್. ಮುನ್ನೆಚ್ಚರಿಕೆ."

"ಮುನ್ನೆಚ್ಚರಿಕೆಗೆ ತಂದ ಕೊಡೆಯನ್ನ ಮಡಿಚಿ ತಲೆ ಮೇಲೆ ಎತ್ತಿ ಹಿಡೀತಾರಾ?" ಆಯುಕ್ತರು ಬಗ್ಗಿ ಕೊನೆಯವನನ್ನು ನೋಡಿದರು. "ಇವನಿಗೆ ಮುಖ ಇಲ್ಲ."

 ಬೀಗ ರಿಪೇರಿಯವನು ಹಿಂದಿನಿಂದ ಹೇಳಿದ: "ಅವರು ಕಚೇರಿಯವರು ಇರಬೇಕು ಸ್ವಾಮಿ."

ಎಲ್ಲರೂ ನಕ್ಕರು. ಆಯುಕ್ತರೂ ನಕ್ಕರು, ಆದ್ದರಿಂದ ಯೋಜನಾಧಿಕಾರಿಯೂ ನಗಬೇಕಾಯಿತು. ಗುಮಾಸ್ತ ತನ್ನ ಹೆಬ್ಬೆರಳನ್ನು ಜೇಬಿನಲ್ಲಿ ಇಟ್ಟುಕೊಂಡ.

ನಗು ಬಂದ ಮೇಲೆ ಜಗಳ ಮೆತ್ತಗಾಯಿತು. ನಲ್ಲಿ ಬೆಂಚು ಎರಡನ್ನೂ ಮಾದರಿಗೆ ಸೇರಿಸುವವರೆಗೆ ಯೋಜನೆ ಮುಂದಕ್ಕೆ ಹೋಗುವುದಿಲ್ಲ ಎಂದು ಆಯುಕ್ತರು ಹೇಳಿದರು. ಜನಕ್ಕೆ ಗೆದ್ದ ಹಾಗಾಯಿತು. ಗೆದ್ದವರಿಗೆ ತಕ್ಷಣ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಅವರು ಈಗ ಮಾದರಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು.

"ಈ ಪಾತ್ರೆ ಹೊತ್ತಿರೋನು ನೀನೇ ಅಲ್ವೇನೋ?" ಎಂದು ದರ್ಜಿ ಬೇಕರಿಯವನನ್ನು ಕೇಳಿದ. "ಅದೇ ಹೊಟ್ಟೆ."

"ನಂದೇ. ಮತ್ತೆ ನೀನೆಲ್ಲಿ?"

"ಎರಡನೇ ಸಾಲು. ಎಡಗಡೆಯಿಂದ ಮೂರನೆಯೋನು. ಕೂತು ಕೂತು ಬೆನ್ನು ಹಾಗೇ ಆಗಿದೆ ನೋಡು."

ಬಟ್ಟೆ ಒಗೆಯುವ ಅಂಗಡಿಯ ಅಮ್ಮ ಪೊರಕೆಯವನೊಬ್ಬನ ಮೇಲೆ ಬೆರಳಿಟ್ಟಳು. "ನಮ್ಮನೆಯವರು. ಕೆಲಸ ಹೇಳಿದ್ರೆ ಹೀಗೇ ನಿಲ್ತಾರೆ, ಪೊರಕೆ ಕೈಯಲ್ಲಿ ಹಿಡ್ಕೊಂಡು."

ಆಯುಕ್ತರು ಉದಾರ ಮನಸ್ಸಿನಲ್ಲಿದ್ದರು. ಬೇರೆಯವರ ವಸ್ತುವಿನ ವಿಷಯದಲ್ಲಿ ಉದಾರವಾಗುವುದು ಸುಲಭ. "ನಾಳೆ ಸಂಜೆ ಮಾದರಿ ತೆಗೀತೀವಿ. ನಿಮ್ಮ ನಿಮ್ಮ ಗೊಂಬೆಗಳನ್ನ ನೀವೇ ತಗೊಂಡು ಹೋಗಿ ನೆನಪಿಗೆ ಇಟ್ಕೊಳ್ಳಿ," ಎಂದರು. ಚಪ್ಪಾಳೆ ಬಿತ್ತು. ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. ಯೋಜನಾಧಿಕಾರಿ ಅವನ ಕಾಲು ತುಳಿದರು.

ಶನಿವಾರ ಸಂಜೆಗೆ ಕಾಯಲು ಪೇಟೆ ಬೀದಿಗೂ ತಾಳ್ಮೆ ಇರಲಿಲ್ಲ ಎಂಬುದು ಗುಮಾಸ್ತನಿಗೆ ಶನಿವಾರ ಬೆಳಿಗ್ಗೆ ಗೊತ್ತಾಯಿತು. ಅವನು ಹೋಗುವಷ್ಟರಲ್ಲಿ ಮಾದರಿಯ ಬೀದಿ ಖಾಲಿಯಾಗಿತ್ತು. ಪೂರ್ತಿ ಖಾಲಿಯಲ್ಲ. ಅಂಟು ತನ್ನ ಮಾತು ಉಳಿಸಿಕೊಂಡಿತ್ತು. ಎಳೆದ ರಭಸಕ್ಕೆ ಮಂದಿ ಕಣಕಾಲಿಗೆ ಮುರಿದು ಬಂದಿದ್ದರು. ಬೀದಿಯ ತುಂಬ ಬೂಟುಗಳು ಮಾತ್ರ ಉಳಿದು, ಸಾಲು ಸಾಲಾಗಿ ಕಚೇರಿಯ ಕಡೆಗೇ ಮುಖಮಾಡಿದ್ದವು. ಬೂಟುಗಳ ಹಿಂದೆ ಒಬ್ಬನೇ ಒಬ್ಬ ಎರಡೂ ಕಾಲಿನ ಮೇಲೆ ನಿಂತಿದ್ದ. ಮುಖವಿಲ್ಲದ ಸೇನಾಪತಿಯನ್ನು ಯಾರೂ ತಮ್ಮವನು ಎಂದಿರಲಿಲ್ಲ.

ಗುಮಾಸ್ತ ಪೇಟೆ ಬೀದಿಗೆ ನಡೆದ. ಕ್ಷೌರಿಕ ತನ್ನವನನ್ನು ಕನ್ನಡಿಯ ಮುಂದೆ ಬ್ರಷ್ಷಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ.

"ಅದು ನನ್ನ ಸೈನಿಕ," ಎಂದ ಗುಮಾಸ್ತ. "ನಾಳೆ ಒಂದು ದಿನ ಬೇಕು. ಯುದ್ಧ ಇದೆ."

"ನನ್ನ ಕಳಿಸಿ ಯುದ್ಧ ಮಾಡಿಸ್ತೀರಾ?" ಎಂದ ಕ್ಷೌರಿಕ. "ಯಾರ ಜೊತೆ?"

"ಹಲ್ಲಿನ ಡಾಕ್ಟರ ಜೊತೆ."

"ಅವರು ನನ್ನ ಗಿರಾಕಿ. ನಾನು ಹೋಗಲ್ಲ."

ದರ್ಜಿ ತನ್ನವನನ್ನು ಹೊಲಿಗೆ ಯಂತ್ರದ ಮೇಲೆ ಅಂಟಿಸಿಬಿಟ್ಟಿದ್ದ, ಅದೇ ಅಂಟಿನಲ್ಲಿ. ಬೇಕರಿಯವನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ್ದ, ಬೀಗದ ಕೈ ಬೀಗ ರಿಪೇರಿಯವನ ಹತ್ತಿರವಿತ್ತು, ಅವನು ಊಟಕ್ಕೆ ಹೋಗಿದ್ದ. ಬಟ್ಟೆ ಒಗೆಯುವ ಅಂಗಡಿಯ ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಮಾತಾಡಿದಳು.

"ನಿಮ್ಮ ಗಂಡನ್ನ ಕೊಡಿ, ನಾಳೆ ವಾಪಸ್ ಕೊಡ್ತೀನಿ ಅಂತ ಕೇಳೋಕೆ ಬಂದಿದ್ದೀರಲ್ಲಪ್ಪ, ಮನೇಲಿ ಹೇಳಿ ಬಂದಿದ್ದೀರಾ?"

ಗುಮಾಸ್ತ ವಾಪಸ್ ಬಂದು ಸೇನಾಪತಿಯನ್ನು ಬಹಳ ಜೋಪಾನವಾಗಿ, ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ, ಬ್ಲೇಡಿನಿಂದ ಬಿಡಿಸಿದ. ಒಂದು ಬೂಟುಕಾಲು ಮಾತ್ರ ಜೊತೆಗೆ ಬಂತು.

ಭಾನುವಾರ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಮೈದನ ಸೈನ್ಯ ಸಜ್ಜಾಗಿ ನಿಂತಿತ್ತು, ಒಬ್ಬೊಬ್ಬನ ರೆಪ್ಪೆಯೂ ಎಣಿಸುವಂತಿತ್ತು. ಎದುರು ಗುಮಾಸ್ತ ಒಬ್ಬನನ್ನು ಪುಸ್ತಕದ ಗುಡ್ಡಕ್ಕೆ ಒರಗಿಸಿ ನಿಲ್ಲಿಸಿದ. ಸಂಘದವರು ಸುತ್ತ ಸೇರಿ ನೋಡಿದರು. ಯಾರೂ ನಗಲಿಲ್ಲ. ಆಟದ ಮೇಜಿನ ಬಳಿ ಆ ಗಂಡಸರು ಬಹಳ ಗಂಭೀರ.

ಬಾಮೈದ ಭೂತಗನ್ನಡಿ ಹಿಡಿದು ಸೇನಾಪತಿಯನ್ನು ಪರೀಕ್ಷಿಸಿದ. "ಬಣ್ಣ ಪೂರ್ತಿ ಆಗಿದೆ. ನಿಯಮದ ಪ್ರಕಾರ ಆಡಬಹುದು," ಎಂದ. ಆಮೇಲೆ ಇನ್ನೊಮ್ಮೆ ಬಗ್ಗಿದ. "ನೆರಳು ಚೆನ್ನಾಗಿ ಬಂದಿದೆ ಭಾವ. ಈ ಮುಖದ ಗೆರೆಗಳನ್ನ ಹೇಗೆ ಎಳೆದ್ರಿ? ಎಷ್ಟು ಸಣ್ಣ ಬ್ರಷ್ಷು?"

"ತುಂಬಾ ದಿನ ಹಿಡೀತು," ಎಂದ ಗುಮಾಸ್ತ.

ದಾಳ ಹಾಕಿದರು. ಸೇನಾಪತಿ ಮುನ್ನುಗ್ಗಲು ಒಂದು ಗೇಣು ಸಾಗಬೇಕಿತ್ತು. ಗುಡ್ಡದ ಆಸರೆ ತಪ್ಪಿದ ಕೂಡಲೇ ಮಕಾಡೆ ಬಿದ್ದ. ಬಾಮೈದನ ಸಾಲಿನಿಂದ ಯಾರೂ ಹೆಜ್ಜೆ ಎತ್ತುವ ಅಗತ್ಯ ಬೀಳಲಿಲ್ಲ. ಕೆಳಗಿನ ಹೋಟೆಲಿನಿಂದ ಚಹಾ ಬರುವ ಮೊದಲೇ ಯುದ್ಧ ಮುಗಿದಿತ್ತು. ಮುಂದಿನ ಪಂದ್ಯಕ್ಕೆ ಟೇಪು ಹಿಡಿಯಲು ಯಾರಾದರೂ ಬೇಕಿತ್ತು. ಗುಮಾಸ್ತ ಹಿಡಿದ.

ಒಟ್ಟು ಹೋದದ್ದು: ಸೈನಿಕರು ನಲವತ್ತು, ಅದರಲ್ಲಿ ಯುದ್ಧದಲ್ಲಿ ಹೋದದ್ದು ಒಬ್ಬ. ಬೂಟುಕಾಲು ಎಪ್ಪತ್ತೊಂಬತ್ತು. ಕೆಂಪು ಬಕೆಟ್ಟು ಒಂದು. ಪೋಸ್ಟ್‌ಮಾಸ್ಟರರ ಬೆಡ್‌ಶೀಟು ಒಂದು. ಹೆಂಡತಿ ವಾಪಸ್ ಪಡೆದ ಊಟದ ಮೇಜು ಅರ್ಧ.